ಶಿಷ್ಯರು ಗುರುವಿನಲ್ಲಿ ಅರಸುವುದೇನು?

ಗಂಗೊಳ್ಳಿಯ ಬಂದರಿನ ಮನೆಗಳಿಂದ, ಶಂಕರನಾರಾಯಣದ ಅಡಕೆ ತೋಟಗಳಿಂದ, ಬೈಂದೂರು, ಬ್ರಹ್ಮಾವರಗಳ ಗದ್ದೆಯಂಚಿನ ಊರುಗಳಿಂದ ಮುಂಜಾನೆಯ ಬಸ್ಸನ್ನೇರಿ ಕಾಲೇಜಿಗೆ ಹೊರಡುವ ತರುಣ ತರುಣಿಯರು ತಮ್ಮ ಅಧ್ಯಾಪಕರಿಂದ ಅಪೇಕ್ಷಿಸುವುದೇನು? 1963ರಲ್ಲಿ ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜು ಸ್ಥಾಪಿತವಾದಂದಿನಿಂದ ಈ ಕಡಲತಡಿಯ ಮಕ್ಕಳಿಗೆ ಉನ್ನತ ವಿದ್ಯೆಯು ಹತ್ತಿರವಾಯಿತು. ಆದರೆ ಕಾಲೇಜು ದೊರೆತ ಮಾತ್ರಕ್ಕೆ ಗುರು ದೊರೆತಂತಾಗದು.

ಪರೀಕ್ಷೆಯ ಟಿಪ್ಪಣಿಯನ್ನು ಅಂಗಡಿಯಲ್ಲಿಯೇ ಕೊಳ್ಳಬಹುದಾದ ಈ ಕಾಲದಲ್ಲಿ ವಿದ್ಯಾರ್ಥಿಯು ಬಯಸುವುದು ತನ್ನನ್ನು ಹೆಸರು ಹಿಡಿದು ಕರೆಯುವ, ತಪ್ಪು ಪ್ರಶ್ನೆಯನ್ನೂ ಅಪಹಾಸ್ಯಕ್ಕೀಡುಮಾಡದೆ ಆಲಿಸುವ, ಮನೆಯಲ್ಲಿ ಕುಂದಗನ್ನಡವಾಡಿ ಬಂದ ನಾಲಗೆಯು ಇಂಗ್ಲಿಷಿನೆದುರು ತಡವರಿಸುವಾಗ ಧೈರ್ಯ ತುಂಬುವ ಸಹೃದಯರನ್ನು. ಮರಳಿ ಬಂದ ಉತ್ತರಪತ್ರಿಕೆಯಲ್ಲಿ ಬರಿಯ ಅಂಕವಿದ್ದರೆ ಅದನ್ನು ಮಡಚಿ ಚೀಲಕ್ಕೆ ಸೇರಿಸುವ ಹುಡುಗಿಯೇ, ಅಂಚಿನಲ್ಲಿ ‘ವಾದ ಸರಿಯಾಗಿದೆ, ಇನ್ನೊಂದು ನಿದರ್ಶನ ಬೇಕಿತ್ತು’ ಎಂಬ ಕೆಂಪು ಶಾಯಿಯ ಸಾಲನ್ನು ಕಂಡಳೆಂದರೆ, ತನ್ನ ಬರಹವನ್ನು ಒಬ್ಬರು ಮನಸ್ಸಿಟ್ಟು ಓದಿದರೆಂಬ ಹರ್ಷದಿಂದ ಅದನ್ನು ಮತ್ತೆ ಮತ್ತೆ ತೆರೆದು ನೋಡುತ್ತಾಳೆ.

ಶಿಷ್ಯರು ಅರಸುವ ಇನ್ನೊಂದು ಗುಣ ಗುರುವಿನ ವಿದ್ಯಾನಿಷ್ಠೆ. ಬೈಂದೂರು ಸೀಮೆಯ ಮೊಗೇರಿಯಲ್ಲಿ 1918ರಲ್ಲಿ ಜನಿಸಿದ ಗೋಪಾಲಕೃಷ್ಣ ಅಡಿಗರು ನವ್ಯಕಾವ್ಯದ ಅಧ್ವರ್ಯುಗಳಾಗಿದ್ದುಕೊಂಡೇ ಇಂಗ್ಲಿಷ್ ಅಧ್ಯಾಪಕರಾಗಿ, ಸಾಗರ, ಉಡುಪಿಗಳ ಕಾಲೇಜುಗಳಲ್ಲಿ ಪ್ರಾಂಶುಪಾಲರಾಗಿ ದುಡಿದವರು. ತಾನು ಬೋಧಿಸುವ ವಿದ್ಯೆಯಲ್ಲಿ ತಾನೇ ಬಾಳುವ ಇಂತಹ ಗುರುವಿನ ಸನ್ನಿಧಿಯಲ್ಲಿ ಪಠ್ಯಕ್ಕೂ ಪ್ರಾಣ ಬರುತ್ತದೆ.

ಆದುದರಿಂದ, ಇಂದು ತರಗತಿಯನ್ನು ಪ್ರವೇಶಿಸಲಿರುವ ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಹಾಜರಿಯನ್ನು ಹೆಸರಿನಿಂದಲೇ ಕರೆಯಿರಿ, ಎಲ್ಲರನ್ನೂ ಸಮದೃಷ್ಟಿಯಿಂದ ಕಾಣಿರಿ, ಉತ್ತರ ತಿಳಿಯದ ಪ್ರಶ್ನೆಗೆ ‘ನಾಳೆ ಓದಿಕೊಂಡು ಬರುತ್ತೇನೆ’ ಎನ್ನಲು ಸಂಕೋಚಪಡದಿರಿ. ಕಲಿಯುವ ಗುರುವನ್ನು ಕಂಡ ಶಿಷ್ಯರು ಜೀವನಪರ್ಯಂತ ಕಲಿಯುತ್ತಾರೆ.