ಕಾಮಿಕ್ಸ್ ಮೆಚ್ಚಿದವರು, ಕಾದಂಬರಿ ಮಡಚಿಟ್ಟವರು



ಇಂಗ್ಲೆಂಡಿನ ನಾರ್ಥಾಂಪ್ಟನ್ ಊರಿನ ಅಲನ್ ಮೂರ್ ಹೆಸರು ಮಾಡಿದ್ದು ಕಾಮಿಕ್ಸ್‌ನಿಂದ. ಡೇವ್ ಗಿಬ್ಬನ್ಸ್ ಚಿತ್ರ ಬರೆದ ‘ವಾಚ್‌ಮೆನ್’ 1986ರಲ್ಲಿ ಕಂತುಕಂತಾಗಿ ಬರತೊಡಗಿತು. ನಗುಮುಖದ ಹಳದಿ ಬಿಲ್ಲೆ, ಅದರ ಮೇಲೊಂದು ರಕ್ತದ ಹನಿ. ಆ ಚಿತ್ರವನ್ನು ಓದುಗರು ಇವತ್ತಿಗೂ ಮರೆತಿಲ್ಲ. ಆದರೆ ಅದರಲ್ಲಿ ಬರುವ ರೋರ್‌ಶಾಕ್ ಎಂಬ ಮುಖವಾಡದ ಕ್ರೂರಿಯನ್ನು ಮೂರ್ ಸೃಷ್ಟಿಸಿದ್ದು ಎಚ್ಚರಿಕೆಗಾಗಿ. ಎಷ್ಟೋ ಓದುಗರು ಅವನನ್ನೇ ನಾಯಕನೆಂದು ತಲೆಮೇಲೆ ಹೊತ್ತರು. ಮೂರ್‌ಗೆ ಇದು ಹಿಡಿಸಲಿಲ್ಲ.

ಕಾದಂಬರಿಗಳ ಪಾಡು ಬೇರೆ. 1996ರ ‘ವಾಯ್ಸ್ ಆಫ್ ದಿ ಫೈರ್’ ಶುರುವಾಗುವುದೇ ನವಶಿಲಾಯುಗದ ಹುಡುಗನೊಬ್ಬನ ಬಾಯಲ್ಲಿ. ಅವನಿಗೆ ಗೊತ್ತಿರುವುದು ಕೆಲವೇ ಮಾತು, ವ್ಯಾಕರಣವೂ ಮುರುಕು. ಕನಸಿಗೂ ನನಸಿಗೂ ಅವನಿಗೆ ವ್ಯತ್ಯಾಸ ತಿಳಿಯದು. ಅಲ್ಲೇ ಪುಸ್ತಕ ಮಡಚಿಟ್ಟವರುಂಟು. ಅವರನ್ನು ನಾನು ದೂರಲಾರೆ. ನನಗಂತೂ ಆ ಅಧ್ಯಾಯವೇ ಪುಸ್ತಕದ ಜೀವ: ಹತ್ತಾರು ಪುಟ ತಾಳಿಕೊಂಡರೆ ಹುಡುಗನ ಹಸಿವು, ತಾಯಿಯನ್ನು ಕಳೆದುಕೊಂಡ ಸಂಕಟ ನೇರ ಎದೆಗೆ ತಾಗುತ್ತದೆ.

2016ರ ‘ಜೆರುಸಲೇಮ್’ ಸಾವಿರ ಪುಟ ಮೀರಿದ ಕಾದಂಬರಿ. ಮೂರ್ ಬೆಳೆದ ಬಡವರ ಕೇರಿ, ಬರೋಸ್, ಅದರ ವಸ್ತು. ವಿಪರೀತ ಉದ್ದವಾಯಿತೆಂದು ಗೊಣಗಿದವರೂ ಇದ್ದಾರೆ. ಆದರೆ ತನ್ನ ಕೇರಿಯ ಒಂದೊಂದು ಓಣಿಯನ್ನೂ ಬಿಡದೆ ಬರೆಯಬೇಕೆಂದು ಹೊರಟ ಮನುಷ್ಯನಿಗೆ ಅಷ್ಟು ಪುಟ ಬೇಕೇ ಬೇಕಿತ್ತು ಎಂಬುದು ನನ್ನ ನಂಬಿಕೆ.