ಹಳ್ಳಿಯ ಮಗುವಿನ ಇಂಗ್ಲಿಷು

ಇಂಗ್ಲಿಷನ್ನು ಯಾವ ತರಗತಿಯಿಂದ ಕಲಿಸಬೇಕೆಂಬ ವಾದ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಗೋಕಾಕ್ ವರದಿಯ ಅನುಷ್ಠಾನಕ್ಕಾಗಿ ೧೯೮೨ರಲ್ಲಿ ಕನ್ನಡ ನಾಡು ಎದ್ದು ನಿಂತಿತು. ೨೦೦೭ರಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರವು ಕಡ್ಡಾಯಗೊಳಿಸುವಂತಿಲ್ಲವೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಎಂದಿನಿಂದ ಕಲಿಸಬೇಕು, ಯಾವ ಮಾಧ್ಯಮದಲ್ಲಿ ಕಲಿಸಬೇಕು ಎಂಬುದನ್ನು ಇಷ್ಟೆಲ್ಲ ಚರ್ಚಿಸಿದ ನಾವು, ಹಳ್ಳಿಯ ಮಗು ಆ ಭಾಷೆಯಲ್ಲಿ ಏನನ್ನು ಹೇಳಬೇಕೆಂಬುದನ್ನು ಅಷ್ಟಾಗಿ ಯೋಚಿಸಿಲ್ಲ.

'ನನ್ನ ಹಳ್ಳಿ' ಎಂಬ ಪ್ರಬಂಧವನ್ನೇ ನೋಡಿ. ಮಲೆನಾಡಿನ ಹುಡುಗಿಯೂ ಬಯಲುಸೀಮೆಯ ಹುಡುಗನೂ ಅದೇ ಹತ್ತು ವಾಕ್ಯಗಳನ್ನು ಉರುಹಚ್ಚಿ ಒಪ್ಪಿಸುತ್ತಾರೆ: ಹಳ್ಳಿ ಸುಂದರ, ಗಾಳಿ ಶುದ್ಧ, ರೈತರು ಸರಳರು. ಅಡಕೆ ಸುಲಿಯುವ ಚಪ್ಪರವಾಗಲಿ, ಕೆರೆ ಬತ್ತಿದ ವರ್ಷದ ಕಷ್ಟವಾಗಲಿ ಅಲ್ಲಿ ಸುಳಿಯುವುದಿಲ್ಲ. ಮಗುವಿಗೆ ಗೊತ್ತಿದ್ದುದನ್ನು ಕೇಳುವವರಿಲ್ಲ. ಕೇಳಿದ್ದು ಅದಕ್ಕೆ ಗೊತ್ತಿಲ್ಲ.

ಭಾಷೆಯ ತೊಡಕುಗಳೂ ಇಲ್ಲವೆಂದಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬಂದರೆ, ಇಂಗ್ಲಿಷಿನಲ್ಲಿ ಅದು ಕರ್ಮಕ್ಕಿಂತ ಮೊದಲೇ ಬರುತ್ತದೆ. ನಮಗೆ ಹಸಿವು 'ಆಗುತ್ತದೆ'; ಇಂಗ್ಲಿಷಿನವನು ತಾನೇ ಹಸಿದವನಾಗಿ 'ಇರುತ್ತಾನೆ'. ಅಕ್ಕಿಯೂ ಅನ್ನವೂ ಅಲ್ಲಿ ಒಂದೇ ರೈಸ್. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಅಂಕಲ್. ಆದರೆ ಈ ಭೇದಗಳನ್ನು ವ್ಯಾಕರಣದ ಸೂತ್ರಕ್ಕಿಂತ ಚೆನ್ನಾಗಿ ಮನೆಯ ಮಾತೇ ತಿಳಿಸಿಕೊಡಬಲ್ಲದು. ಅಕ್ಕಿ ಅನ್ನವಾಗುವುದನ್ನು ದಿನವೂ ಕಾಣುವ ಮಗುವಿಗೆ, ಬೇರೆ ಭಾಷೆ ಅವೆರಡನ್ನೂ ಒಂದೇ ಹೆಸರಿನಿಂದ ಕರೆಯುತ್ತದೆಂದರೆ ಸೋಜಿಗವಾಗುತ್ತದೆ. ಸೋಜಿಗಪಟ್ಟುದನ್ನು ಮಗು ಬೇಗ ಮರೆಯುವುದಿಲ್ಲ.

ಹಳ್ಳಿಯ ಬದುಕಿಗೆ ಇಂಗ್ಲಿಷ್ ಒಗ್ಗದೆಂಬ ಸಂದೇಹವೂ ಬೇಡ. ಹಾಸನದಲ್ಲಿ ಹುಟ್ಟಿದ ರಾಜಾರಾವ್ ೧೯೩೮ರಲ್ಲಿ ಪ್ರಕಟವಾದ 'ಕಾಂತಾಪುರ'ದಲ್ಲಿ ಕನ್ನಡ ನಾಡಿನ ಹಳ್ಳಿಯೊಂದರ ಕಥೆಯನ್ನು ಅಜ್ಜಿಯೊಬ್ಬಳ ಬಾಯಿಂದ ಇಂಗ್ಲಿಷಿನಲ್ಲಿಯೇ ಹೇಳಿಸಿದರು. ಕಥೆ ಹೇಳುವ ನಮ್ಮ ರೀತಿಗೆ ಆ ಭಾಷೆಯನ್ನು ಬಗ್ಗಿಸಿದರು.

ಆದುದರಿಂದ ಅಭ್ಯಾಸ ಮಗುವಿನ ಅಂಗಳದಿಂದಲೇ ಮೊದಲಾಗಲಿ. ಬೆಳಗ್ಗೆ ಹಾಲು ಕರೆದವರು ಯಾರು, ಸಂತೆಯಿಂದ ಏನು ತಂದರು, ಬಸ್ಸು ಏಕೆ ತಡವಾಯಿತು? ಮೊದಲು ಕನ್ನಡದಲ್ಲಿ ಮಾತಾಡಲಿ. ಬಳಿಕ ಅದನ್ನೇ ಇಂಗ್ಲಿಷಿನ ನಾಲ್ಕು ಪುಟ್ಟ ವಾಕ್ಯಗಳಲ್ಲಿ ಹೇಳಲಿ. ಮಾತು ಮುಗಿಯುವ ಮುನ್ನ ತಿದ್ದುವುದು ಬೇಡ. ಒಂದನೆಯ ತರಗತಿಗೆ ಇಂಗ್ಲಿಷ್ ಬಂದ ಮಾತ್ರಕ್ಕೆ ಮಗುವಿನ ನಾಲಗೆಗೆ ಅದು ಬಂದಂತಾಗದು.

ಮಗಳಿಗೆ ನಾಲ್ಕಕ್ಷರ ಇಂಗ್ಲಿಷ್ ಬರಲೆಂದು ಸಾಲ ಮಾಡಿ ದೂರದ ಶಾಲೆಗೆ ಕಳುಹಿಸುವ ತಂದೆತಾಯಿಗಳ ಆಸೆ ಹುಸಿಯಲ್ಲ. ಆ ಭಾಷೆ ಇಂದು ಉದ್ಯೋಗದ ಬಾಗಿಲು. ಆದರೆ ಅರ್ಥವಾಗದ ಪಾಠದ ಮುಂದೆ ಮಗು ಮೌನವಾದಾಗ, ಆ ಮೌನವನ್ನು ದಡ್ಡತನವೆಂದು ಬಗೆಯುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಕೊನೆಗೆ ಮಗುವೂ ಅದನ್ನೇ ನಂಬಿ ಪಾಟಿಚೀಲವನ್ನು ಮೂಲೆಗಿಡುತ್ತದೆ. ಅದಕ್ಕೆ ಬೇಕಾದುದು ಎರಡನೆಯ ನಾಲಗೆ. ಮೊದಲನೆಯದನ್ನು ಕಿತ್ತುಕೊಂಡು ಅದನ್ನು ಕೊಡಲಾಗದು.