ಹಲವು ಹೊರೆಗೆ ಒಂದೇ ಟ್ರೇಲರ್: ಆಯ್ಕೆ ಹೇಗೆ?



ಮುಂಗಾರಿಗೆ ಮೊದಲು ಕೊಟ್ಟಿಗೆ ಗೊಬ್ಬರ, ಸುಗ್ಗಿಯಲ್ಲಿ ಭತ್ತ, ರಾಗಿಯ ಮೂಟೆ, ಆಮೇಲೆ ಹುಲ್ಲು, ಕಬ್ಬು, ಮನೆ ಕಟ್ಟುವಾಗ ಮರಳು, ಇಟ್ಟಿಗೆ. ಟ್ರ್ಯಾಕ್ಟರ್ ಇರುವ ಮನೆಯಲ್ಲಿ ವರ್ಷವಿಡೀ ಇವೆಲ್ಲವನ್ನೂ ಒಂದೇ ಟ್ರೇಲರ್ ಹೊರಬೇಕಾಗುತ್ತದೆ. ಆದ್ದರಿಂದ ಕೊಳ್ಳುವಾಗ ಒಂದು ಸೂತ್ರ ನೆನಪಿರಲಿ: ಅಚ್ಚು, ಚಕ್ರಗಳನ್ನು ಅತಿ ಭಾರದ ಹೊರೆ ನೋಡಿ ಆರಿಸಬೇಕು, ತೊಟ್ಟಿಯನ್ನು ಅತಿ ಹಗುರದ ಹೊರೆ ನೋಡಿ ಆರಿಸಬೇಕು.

10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ 120 ಘನ ಅಡಿ ಜಾಗವಿರುತ್ತದೆ. ಅಂಚಿನವರೆಗೆ ಒಣ ಹುಲ್ಲು ತುಂಬಿದರೆ ಅರ್ಧ ಟನ್ನೂ ತೂಗದು. ಕಳಿತ ಗೊಬ್ಬರವಾದರೆ ಸುಮಾರು 2 ಟನ್. 75 ಕಿಲೋ ತೂಕದ 40 ಮೂಟೆ ಹೇರಿದರೆ 3 ಟನ್. ಅದೇ ತೊಟ್ಟಿಗೆ ಮರಳು ತುಂಬಿದರೆ 5 ಟನ್ ದಾಟುತ್ತದೆ! 3 ಟನ್ ಹೊರುವ ಟ್ರೇಲರಿನ ಅಚ್ಚು ಬಾಗುವುದು, ಟೈರು ಒಡೆಯುವುದು ಇಂತಹ ಹೊರೆಯಿಂದಲೇ. ತೊಟ್ಟಿಯ ಒಳಬದಿಯಲ್ಲಿ 1 ಅಡಿ ಎತ್ತರಕ್ಕೆ ಬಣ್ಣದ ಗೆರೆ ಎಳೆದು, ಮರಳನ್ನು ಅಲ್ಲಿಗೇ ನಿಲ್ಲಿಸುವುದು ಸುಲಭ ಉಪಾಯ. ಪತ್ರದಲ್ಲಿ ನಮೂದಾದ ಒಟ್ಟು ತೂಕದಲ್ಲಿ ಟ್ರೇಲರಿನ ಸ್ವಂತ ತೂಕವೂ ಸೇರಿರುತ್ತದೆ. ಅದನ್ನು ಕಳೆದು ಉಳಿದದ್ದೇ ಹೊರೆ.

ಎರಡು ಚಕ್ರದ ಟ್ರೇಲರಿನ ಭಾರದಲ್ಲಿ ಒಂದು ಪಾಲು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಬೀಳುತ್ತದೆ. ಇದರಿಂದ ಹಿಂದಿನ ಗಾಲಿಗಳಿಗೆ ಹಸಿ ನೆಲದಲ್ಲಿ ಹಿಡಿತ ಸಿಗುತ್ತದೆ. ಇಕ್ಕಟ್ಟಾದ ಕಣದಲ್ಲಿ ಹಿಂದಕ್ಕೆ ಸರಿಸುವುದೂ ಸುಲಭ. ಆದರೆ ಭಾರವೆಲ್ಲ ಮುಂದೆ ಬಿದ್ದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ, ಏರಿನಲ್ಲಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುತ್ತದೆ. ಕಾರ್ಖಾನೆಗೆ ಕಬ್ಬು ಸಾಗಿಸುವಂತಹ ದೂರದ ರಸ್ತೆಗೆ ಅದು ಸೂಕ್ತ. ಹಿಂದಕ್ಕೆ ಸರಿಸಲು ಮಾತ್ರ ಅಭ್ಯಾಸ ಬೇಕು.

ಮೂರು ಬದಿಯ ಹಲಗೆಗಳೂ ಬಿಚ್ಚುವಂತಿದ್ದರೆ ಮೂಟೆ ಇಳಿಸಲು ಅನುಕೂಲ. ಹುಲ್ಲು ಹೇರಲು ಎತ್ತರದ ಜಾಲರಿ ಸಿಕ್ಕಿಸುವ ಕಿಂಡಿಗಳಿರಬೇಕು. ಗೊಬ್ಬರ, ಮರಳಿನ ಕೆಲಸ ಹೆಚ್ಚಾಗಿದ್ದರೆ ಮಾತ್ರ ತೊಟ್ಟಿ ಎತ್ತುವ ಹೈಡ್ರಾಲಿಕ್ ವ್ಯವಸ್ಥೆಗೆ ಹಣ ಹಾಕಬಹುದು. ಎತ್ತಿದ ತೊಟ್ಟಿಗೆ ಆಸರೆ ಕೊಡದೆ ಅದರಡಿ ಯಾರೂ ತಲೆ ಹಾಕಬಾರದು.

ಬೆಲೆ ಕಡಿಮೆಯೆಂದು ಬ್ರೇಕಿಲ್ಲದ ಟ್ರೇಲರ್ ಕೊಳ್ಳುವುದು ಉಳಿತಾಯವಲ್ಲ. ಇಳಿಜಾರಿನಲ್ಲಿ ತುಂಬಿದ ಟ್ರೇಲರ್ ಟ್ರ್ಯಾಕ್ಟರನ್ನೇ ಹಿಂದಿನಿಂದ ತಳ್ಳಿ, ಅಡ್ಡ ತಿರುಗಿಸಿ ಮಗುಚಬಲ್ಲದು. ರಸ್ತೆಯಲ್ಲಿ ಟ್ರ್ಯಾಕ್ಟರಿನ ಎರಡೂ ಬ್ರೇಕುಗಳನ್ನು ಕೂಡಿಸಿರಬೇಕು. ಇಳಿಜಾರಿಗೆ ಮುನ್ನವೇ ಕೆಳ ಗೇರಿಗೆ ಬರಬೇಕು. ಕೊಂಡಿಯ ಪಿನ್ನಿಗೆ ಬೀಗ, ಜೊತೆಗೆ ಕಾವಲು ಸರಪಳಿ, ಹಿಂದೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಅತ್ಯವಶ್ಯ. ಹೊರೆಯ ಮೇಲೆ ಜನರನ್ನು ಕೂರಿಸಬಾರದು.

ವರ್ಷದಲ್ಲಿ ಏನೇನು, ಎಷ್ಟೆಷ್ಟು, ಎಷ್ಟು ದೂರ ಸಾಗಿಸಬೇಕೆಂದು ಮನೆಯಲ್ಲೇ ಪಟ್ಟಿ ಮಾಡಿಕೊಂಡು ಅಂಗಡಿಗೆ ಹೋದ ರೈತ ಮೋಸಹೋಗುವುದು ಕಡಿಮೆ. ಹೊರೆಗೆ ತಕ್ಕ ಟ್ರೇಲರ್ ಇದ್ದರೆ ಮಾಲೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ.